ಮೂಗುಬೊಟ್ಟಿನ ತೂಕ

ಮೊದಲು ನನ್ನ ಕಣ್ಣಿಗೆ ಬೀಳದಾದವರು ಮುಂದಿನ ಬೆಂಚಿನ ಎರಡು ತುದಿಗಳಲ್ಲಿ ಕೂರುವ ಮಕ್ಕಳು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ ನಾನು ಟೀಚರ್. ಐದನೆಯ ತರಗತಿಯಲ್ಲಿ ಮಗ್ಗಿ ಕೇಳುವಾಗ ಬಲತುದಿಯ ಹುಡುಗಿ ಕೈಯೆತ್ತಿ ಎತ್ತಿ ಸೋತು, ಟೀಚರ್ ತನ್ನನ್ನು ಕೇಳುವುದೇ ಇಲ್ಲವೆಂದು ಮನೆಗೆ ಹೋಗಿ ಅತ್ತಳಂತೆ. ಅವಳ ತಾಯಿ ಶಾಲೆಗೆ ಬಂದು ಹೇಳಿದಾಗ ನನಗೆ ಸಿಟ್ಟೇ ಬಂತು. ಮಕ್ಕಳಲ್ಲಿ ಭೇದ ಮಾಡಿದಳೆಂಬ ಮಾತನ್ನು ಇಪ್ಪತ್ತು ವರ್ಷಗಳಲ್ಲಿ ಯಾರಿಂದಲೂ ಕೇಳಿದವಳಲ್ಲ. ಅದೇ ವಾರ ಮನೆಯ ದಾರಂದಕ್ಕೆ ಎರಡು ಸಲ ಭುಜ ಬಡಿದುಕೊಂಡೆ. ಅಂಗಳದ ಬದಿಯಲ್ಲಿ ಒಣಹಾಕಿದ್ದ ಅಡಿಕೆಯ ಮೇಲೆ ಕಾಲಿಟ್ಟು ಜಾರಿದೆ. ಕನ್ನಡಕ ಬದಲಿಸುವ ಕಾಲ ಬಂತು ಎಂದುಕೊಂಡೆ.

ಅದು 2022ರ ಕೊನೆ. ನನಗೆ ಆಗ ನಲವತ್ತಮೂರು. ಹಿಂದಿರುಗಿ ನೋಡಿದರೆ ಕಾಯಿಲೆ ಅದಕ್ಕೂ ಏಳೆಂಟು ತಿಂಗಳು ಮೊದಲೇ ಶುರುವಾಗಿತ್ತು. ಆದರೆ ಒಂದೊಂದು ಲಕ್ಷಣಕ್ಕೂ ಮನೆಯಲ್ಲಿ ಒಂದೊಂದು ನೆಪ ಸಿದ್ಧವಿತ್ತು. ಮುಟ್ಟು ನಿಂತಿತು: ನಿಲ್ಲುವ ಪ್ರಾಯ, ಸ್ವಲ್ಪ ಬೇಗ ಅಷ್ಟೆ. ಬೆಳಗ್ಗೆ ವಾಂತಿ: ಪಿತ್ತ. ಹುಬ್ಬುಗಳ ಹಿಂದೆ ಕೂತು ಒತ್ತುವ ತಲೆನೋವು: ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದದ್ದು. ಮೇ ತಿಂಗಳ ಸೆಕೆಯಲ್ಲೂ ನನಗೆ ಹೊದಿಕೆ ಬೇಕಾಗುತ್ತಿತ್ತು. ಅದಕ್ಕೆ ಅತ್ತೆ ರಕ್ತ ಕಡಿಮೆ ಎಂದರು. ಐವತ್ತಾರು ಕಿಲೋ ಇದ್ದವಳು ನಲವತ್ತೇಳಕ್ಕೆ ಇಳಿದಾಗ ಸಹೋದ್ಯೋಗಿಗಳು ಏನು ಮಾಡಿ ತೆಳ್ಳಗಾದಿರಿ ಟೀಚರ್ ಎಂದು ಕೇಳಿ, ಹೇಳಿಕೊಡಲಿಲ್ಲವೆಂದು ಬೇಸರಿಸಿಕೊಂಡರು. ಆಚೆಮನೆಯವರು ಮಾತ್ರ ದನಿ ತಗ್ಗಿಸಿ "ಎಂಡೋ ಇರಬಹುದಾ?" ಎಂದರು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳ ನೆರೆಯವರು ನಾವು. ಹೆಸರಿಲ್ಲದ ಕಾಯಿಲೆ ಕಂಡರೆ ಮೊದಲು ನೆನಪಾಗುವ ಹೆಸರು ಅದೇ. ಅವರದು ತಪ್ಪಲ್ಲ.

ಒಂದು ದಿನ ಶಾಲೆಯ ಜಗಲಿಯಲ್ಲಿ ಕುಸಿದು ಬಿದ್ದೆ. ಹತ್ತಿರದ ಆಸ್ಪತ್ರೆಯೊಂದರಲ್ಲಿ ರಕ್ತ ನೋಡಿ ಸೋಡಿಯಂ 124 ಇದೆ, 135ಕ್ಕಿಂತ ಕೆಳಗೆ ಇರಬಾರದು, ಮೈಯಲ್ಲಿ ಉಪ್ಪು ಕಡಿಮೆಯಾಗಿದೆ ಎಂದರು. ಥೈರಾಯಿಡನ್ನೂ ನೋಡಿದರು, ಟಿಎಸ್‌ಎಚ್ ಸರಿಯಾಗಿತ್ತು. ಎರಡು ದಿನ ಡ್ರಿಪ್ ಹಾಕಿ ಕಳುಹಿಸಿದರು. ಉಪ್ಪು ತಾನೇ, ಅದಕ್ಕೇನು ಬರ ಎಂದು ಅತ್ತೆ ಮೂರು ಹೊತ್ತೂ ಗಂಜಿಗೆ ಮಿಡಿ ಉಪ್ಪಿನಕಾಯಿ ಬಡಿಸಿದರು. ಉಪ್ಪು ಏಕೆ ಇಳಿಯಿತು ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹದಿನೈದೇ ದಿನಕ್ಕೆ ಮತ್ತೆ ಹಾಸಿಗೆ ಹಿಡಿದೆ. ಆಗ ನಮ್ಮವರು ಯಾರನ್ನೂ ಕೇಳದೆ ಕಾರು ಮಾಡಿ ಕುಂಬಳೆ, ಉಪ್ಪಳ, ತಲಪಾಡಿ ದಾಟಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. 2020ರಲ್ಲಿ ಕೊರೊನಾ ಹೊತ್ತಿಗೆ ಇದೇ ಕೇರಳ-ಕರ್ನಾಟಕ ಗಡಿಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದಾಗ ರೋಗಿಗಳು ಈಚೆಗೇ ಉಳಿದದ್ದನ್ನು ಕಂಡವರು ನಾವು. ತಲಪಾಡಿ ದಾಟುವಾಗ ನಮ್ಮವರು ಪ್ರತಿಸಲ ಒಂದು ಉಸಿರು ಬಿಡುತ್ತಾರೆ, ಈಗಲೂ.

ಮಂಗಳೂರಿನ ಹಾರ್ಮೋನು ವೈದ್ಯರು ಹಳೆಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಟಿಎಸ್‌ಎಚ್ ಕಾಗದದ ಮೇಲೆ ಬೆರಳಿಟ್ಟು, "ಇದು ಸರಿ ಇದೆ ಎನ್ನುವುದೇ ಸರಿಯಿಲ್ಲ" ಎಂದರು. ಟಿಎಸ್‌ಎಚ್ ಎಂದರೆ ಥೈರಾಯಿಡಿನದಲ್ಲ, ಥೈರಾಯಿಡಿಗೆ ಕೆಲಸ ಮಾಡು ಎಂದು ಮೇಲಿನಿಂದ ಬರುವ ಆಜ್ಞೆ. ಥೈರಾಯಿಡಿನ ಸ್ವಂತ ಹಾರ್ಮೋನು ಇಳಿದರೆ ಆಜ್ಞೆ ಜೋರಾಗಬೇಕು. ನನ್ನಲ್ಲಿ ಹಾರ್ಮೋನು ಇಳಿದಿತ್ತು, ಆಜ್ಞೆ ಮಾತ್ರ ಏನೂ ಆಗದವರಂತೆ ಕೂತಿತ್ತು. ಅಂದರೆ ಕೆಟ್ಟದ್ದು ಕೆಳಗಿನ ನೌಕರನಲ್ಲ, ಮೇಲಿನ ಕಚೇರಿ, ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ. ಅದೇ ಕಚೇರಿಯ ಆಜ್ಞೆಯಿಂದ ಮೈ ತಯಾರಿಸುವ ಇನ್ನೊಂದು ಹಾರ್ಮೋನು ಕಾರ್ಟಿಸಾಲ್. ಬೆಳಗ್ಗೆ ಎಂಟಕ್ಕೆ ತೆಗೆದ ರಕ್ತದಲ್ಲಿ ಅದು 1.6 ಬಂತು. ಮೂರಕ್ಕಿಂತ ಕೆಳಗಿದ್ದರೆ ಕೊರತೆ ಬಹುಮಟ್ಟಿಗೆ ಖಚಿತವಂತೆ. ವಾಂತಿ, ಸುಸ್ತು, ಇಳಿದ ಸೋಡಿಯಂ ಎಲ್ಲಕ್ಕೂ ಅದೇ ಕಾರಣ. ಅತ್ತೆಯ ಉಪ್ಪಿನಕಾಯಿಯಿಂದ ತುಂಬುವ ಗುಂಡಿ ಅದಾಗಿರಲಿಲ್ಲ.

ಕಣ್ಣಿನ ವೈದ್ಯರು ಗೂಡಿನಂಥ ಯಂತ್ರದೊಳಗೆ ಮುಖವಿಡಿಸಿ, ಮಿಣುಕು ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ನಾನು ಚೆನ್ನಾಗಿಯೇ ಒತ್ತಿದೆನೆಂದುಕೊಂಡೆ. ಮುದ್ರಿಸಿ ಬಂದ ಹಾಳೆಯಲ್ಲಿ ಎಡಗಣ್ಣಿನ ಎಡಬದಿ, ಬಲಗಣ್ಣಿನ ಬಲಬದಿ ಮಸಿ ಬಳಿದ ಹಾಗಿತ್ತು. ಬೆಂಚಿನ ತುದಿಯ ಮಕ್ಕಳು ಎಲ್ಲಿ ಹೋಗಿದ್ದರೆಂದು ಆಗ ತಿಳಿಯಿತು. ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಕವಲು ಪಿಟ್ಯುಟರಿ ಗ್ರಂಥಿಯ ಸರಿಯಾಗಿ ಮೇಲಿದೆ. ಗ್ರಂಥಿ ಊದಿ ಅದನ್ನು ಕೆಳಗಿನಿಂದ ಒತ್ತಿದರೆ ಮೊದಲು ಹೋಗುವುದು ಹೊರಬದಿಗಳ ನೋಟ.

ಎಂಆರ್‌ಐ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ ಕುದುರೆಯ ಜೀನಿನಂಥ ಒಂದು ತಗ್ಗು. ಲ್ಯಾಟಿನ್ನಿನಲ್ಲಿ ಅದಕ್ಕೆ ತುರ್ಕಿ ಜೀನು ಎಂದೇ ಹೆಸರು. ಆ ಜೀನಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ, ತೂಕ ಅರ್ಧ ಗ್ರಾಂ. ನನಗೆ ತಟ್ಟನೆ ನೆನಪಾದದ್ದು ಮೂಗುಬೊಟ್ಟು. ಮದುವೆಗೆ ಅಪ್ಪ ಮಾಡಿಸಿಕೊಟ್ಟದ್ದು ಹೆಚ್ಚುಕಡಿಮೆ ಅಷ್ಟೇ ತೂಕದ್ದು. ಎಂಆರ್‌ಐ ಕೋಣೆಗೆ ಹೋಗುವ ಮೊದಲು ಅದನ್ನು ಬಿಚ್ಚಿಸಿದ್ದರು. ಅತ್ತೆಯ ಸೆರಗಿನ ಗಂಟಿನಲ್ಲಿತ್ತು. ನನ್ನ ಗ್ರಂಥಿ ಮಾತ್ರ ಗೇರುಬೀಜದಷ್ಟಾಗಿ, ಅಂಚು ಉಂಗುರದಂತೆ ಹೊಳೆಯುತ್ತಿತ್ತು. ಅದನ್ನು ಮೇಲಿನ ಮೆದುಳಿಗೆ ಸೇರಿಸುವ ತೊಟ್ಟು ದಪ್ಪಗಾಗಿತ್ತು.

"ಗಡ್ಡೆಯಾ ಡಾಕ್ಟ್ರೇ?" ಎಂದು ನಮ್ಮವರು ಕೇಳಿದರು.

"ಸಾಮಾನ್ಯವಾಗಿ ಹೌದು. ಇದು ಸಾಮಾನ್ಯದ್ದೋ ಅಲ್ಲವೋ ನೋಡಬೇಕು."

ಆ ಸಂಜೆಯೇ ಕಾರ್ಟಿಸಾಲಿನ ಬದಲಿಗೆ ಕೊಡುವ ಸ್ಟೀರಾಯ್ಡ್, ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಶುರುವಾಯಿತು. ಥೈರಾಯಿಡ್ ಮಾತ್ರೆಯನ್ನು ಮಾತ್ರ ಕೆಲವು ದಿನ ತಡೆದರು. ಕಾರ್ಟಿಸಾಲ್ ಇಲ್ಲದ ಮೈಗೆ ಮೊದಲೇ ಥೈರಾಕ್ಸಿನ್ ಕೊಟ್ಟರೆ ಇದ್ದ ಚೂರು ಕಾರ್ಟಿಸಾಲ್ ಕೂಡ ಬೇಗ ಕರಗಿ ಪ್ರಾಣಕ್ಕೇ ಸಂಚಕಾರವಂತೆ. ಮರುದಿನ ಬೆಳಗ್ಗೆ ನಾನು ಎದ್ದು ಕೂತು ಎರಡು ಇಡ್ಲಿ ತಿಂದೆ. ತಿಂಗಳುಗಳ ಮೇಲೆ ಹಸಿವು ಎಂಬುದನ್ನು ಕಂಡದ್ದು ಆ ದಿನ.

ಅದರ ಮರುದಿನ ದಾಹ ಬಂತು.

ಈ ದಾಹವನ್ನು ಹೇಗೆ ಹೇಳಲಿ? ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಮುರಕಲ್ಲು ಕೊರೆದ ಸುರಂಗವಿದೆ, ಅಜ್ಜನ ಕಾಲದ್ದು. ಒಳಗಿನಿಂದ ಜಿನುಗುವ ನೀರು ದಂಬೆಯಲ್ಲಿ ಹರಿದು ತೊಟ್ಟಿಗೆ ಬೀಳುತ್ತದೆ. ಏಪ್ರಿಲಿನಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಆಸ್ಪತ್ರೆಯ ಮಂಚದ ಮೇಲೆ ನನಗೆ ಹಗಲೂ ರಾತ್ರಿಯೂ ಆ ದಂಬೆಗೆ ಬಾಯಿಟ್ಟು ಮಲಗಬೇಕೆನ್ನಿಸುತ್ತಿತ್ತು. ಬಾಟಲಿಯ ನೀರು ಗಂಟಲಿಗೆ ತಾಗಿದ ನೆನಪೂ ಉಳಿಯುತ್ತಿರಲಿಲ್ಲ. ಕುಡಿದದ್ದೆಲ್ಲ ಅರ್ಧ ಗಂಟೆಯಲ್ಲಿ ಹೊರಗೆ. ನರ್ಸ್ ಒಂದು ಅಳತೆಯ ಜಾರು ಕೊಟ್ಟು, ಹೋದಾಗಲೆಲ್ಲ ಅಳೆದು ಬರೆಯಲು ಹೇಳಿದರು. ಗಣಿತದ ಟೀಚರಿಗೆ ಕೊಟ್ಟ ಅತಿ ವಿಚಿತ್ರ ಹೋಂವರ್ಕ್. 400, 550, 600, ಮತ್ತೆ 500. ರಾತ್ರಿ ಹನ್ನೊಂದಕ್ಕೂ ಐದಕ್ಕೂ ನಡುವೆ ಆರು ಸಲ. ಇಪ್ಪತ್ತನಾಲ್ಕು ಗಂಟೆಯ ಮೊತ್ತ ಏಳೂವರೆ ಲೀಟರ್. ಜಾರಿನಲ್ಲಿದ್ದದ್ದು ಬಣ್ಣವೇ ಇಲ್ಲದ ನೀರು; ಗಾಜಿನ ಲೋಟದಲ್ಲಿಟ್ಟರೆ ಯಾರಾದರೂ ಕುಡಿಯಲು ಎತ್ತಿಕೊಳ್ಳಬಹುದಿತ್ತು. 124 ಇದ್ದ ಸೋಡಿಯಂ ಈಗ 149.

ನಮ್ಮವರು ಸಕ್ಕರೆ ಕಾಯಿಲೆ ಎಂದು ಹೆದರಿದರು. ಸಕ್ಕರೆ ಸರಿಯಾಗಿಯೇ ಇತ್ತು. ಗ್ರಂಥಿಯ ಹಿಂಭಾಗದಿಂದ ಬರುವ ಇನ್ನೊಂದು ಹಾರ್ಮೋನು ಮೂತ್ರಪಿಂಡಕ್ಕೆ ನೀರನ್ನು ಹಿಡಿದಿಡಲು ಹೇಳುತ್ತದೆ. ನನ್ನಲ್ಲಿ ಅದೂ ಹೋಗಿತ್ತು. ಆದರೆ ಕಾರ್ಟಿಸಾಲ್ ಇಲ್ಲದಿದ್ದರೆ ಮೂತ್ರಪಿಂಡಕ್ಕೆ ನೀರನ್ನು ಹೊರಹಾಕುವ ಶಕ್ತಿಯೂ ಇರುವುದಿಲ್ಲ. ಹಾಗಾಗಿ ಒಂದು ಕೊರತೆ ಇನ್ನೊಂದನ್ನು ಮುಚ್ಚಿ ಕೂತಿತ್ತು. ಸ್ಟೀರಾಯ್ಡ್ ಕೊಟ್ಟದ್ದೇ ತಡ, ಮುಚ್ಚಳ ತೆರೆದುಕೊಂಡಿತು. ನೀರು ಹಿಡಿದಿಡುವ ಆ ಹಾರ್ಮೋನಿನ ಬದಲಿಗೆ ಡೆಸ್ಮೋಪ್ರೆಸಿನ್ ಎಂಬ ಪುಟ್ಟ ಮಾತ್ರೆ ಕೊಟ್ಟ ರಾತ್ರಿ ನಾನು ನಾಲ್ಕು ಗಂಟೆ ಒಂದೇ ನಿದ್ದೆ ಮಾಡಿದೆ.

ಈ ದಾಹವೇ ವೈದ್ಯರಿಗೆ ದಾರಿ ತೋರಿಸಿತು. ಪಿಟ್ಯುಟರಿಯ ಸಾಧಾರಣ ಗಡ್ಡೆಗಳು ಎಷ್ಟೇ ಬೆಳೆದರೂ ಆಪರೇಷನ್ನಿಗೆ ಮೊದಲು ಹೀಗೆ ನೀರು ಹರಿಸುವುದು ಅಪರೂಪವಂತೆ. ಹರಿಸಿತೆಂದರೆ ಬೇರೆ ಏನೋ ಇದೆ: ಮೈಯ ರಕ್ಷಣಾಪಡೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದ ಉರಿಯೂತ, ಬೇರೆಡೆಯಿಂದ ಬಂದ ಕ್ಯಾನ್ಸರ್, ಅಥವಾ ಸೋಂಕು. ಸೋಂಕಿನಲ್ಲೂ ಬಗೆಗಳಿವೆ. ಬ್ಯಾಕ್ಟೀರಿಯಾದ ಕೀವು ಕಟ್ಟಿದ ಬಾವು, ಪಕ್ಕದ ಸೈನಸ್ಸಿನಿಂದ ಹತ್ತುವ ಶಿಲೀಂಧ್ರ, ಕ್ಷಯ. ಪಿಟ್ಯುಟರಿಯಲ್ಲಿ ಕಾಣಿಸುವ ಗಂಟುಗಳಲ್ಲಿ ಇಂಥ ಬಾವು ನೂರಕ್ಕೆ ಒಂದೂ ಇರುವುದಿಲ್ಲ. ಊಹಿಸಿ ಮದ್ದು ಕೊಡುವ ಹಾಗೂ ಇಲ್ಲ. ಬಾವಿಗಾದರೆ ಕೀವು ತೆಗೆದು ವಾರಗಟ್ಟಲೆ ಆಂಟಿಬಯಾಟಿಕ್, ಶಿಲೀಂಧ್ರಕ್ಕೆ ತಿಂಗಳುಗಟ್ಟಲೆ ಬೇರೆಯೇ ಔಷಧ. ಬರಿಯ ಉರಿಯೂತವೆಂದು ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಕೊಟ್ಟು ಒಳಗೆ ಕ್ಷಯವಿದ್ದರೆ ಅದು ಹಬ್ಬುತ್ತದೆ. ಎದೆಯ ಎಕ್ಸ್‌ರೇ ಸ್ವಚ್ಛವಾಗಿತ್ತು. ಕ್ಷಯ ನೋಡಲು ತೋಳಿಗೆ ಚುಚ್ಚಿದ ಮಾಂಟೂ ಪರೀಕ್ಷೆ ಊದಿತು. ನಮ್ಮ ದೇಶದಲ್ಲಿ ಅದು ಊದಿದರೆ ಹೆಚ್ಚೇನೂ ಹೇಳಿದಂತಾಗುವುದಿಲ್ಲ ಎಂದರು. ತುಣುಕು ತೆಗೆದು ನೋಡಲೇಬೇಕು, ದಾರಿ ಮೂಗು.

"ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ?" ಎಂದು ಕಿರಿಯ ವೈದ್ಯೆ ಕೇಳಿದಾಗ ಪಕ್ಕದಲ್ಲಿ ನಮ್ಮವರು, ಅತ್ತೆ, ಭಾವ ಮೂವರೂ ಇದ್ದರು. ಇಲ್ಲ ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ. ತವರಿನ ಮಾತು ಗಂಡನ ಮನೆಯವರ ಎದುರು ಬಂದಾಗ ನಾಲಿಗೆ ತಾನಾಗಿ ಹಿಡಿಯುವ ದಾರಿ.

ಆ ರಾತ್ರಿ ದೊಡ್ಡಪ್ಪ ನೆನಪಾದರು. ನನಗೆ ಹತ್ತು ವರ್ಷವಿರುವಾಗ ಅವರು ಎರಡು ಮಳೆಗಾಲ ನಮ್ಮ ಮನೆಯ ಜಗಲಿಯ ಕೊನೆಯ ಕೋಣೆಯಲ್ಲಿದ್ದರು. ಉಬ್ಬಸ ಎಂದೇ ಮನೆಯಲ್ಲಿ ಹೇಳುತ್ತಿದ್ದರು. ಉಬ್ಬಸದವರಿಗೆ ಬೇರೆ ಬಟ್ಟಲು ಏಕೆ, ಅದನ್ನು ತೋಡಿನ ಬದಿಯಲ್ಲೇ ಬೂದಿ ಹಾಕಿ ತೊಳೆಯುವುದೇಕೆ ಎಂದು ನಾನು ಕೇಳಿರಲಿಲ್ಲ. ಗಂಜಿ ಒಯ್ದು ಕೊಡುವ ಕೆಲಸ ನನ್ನದು. ಅವರ ತಲೆದಿಂಬಿನ ಹತ್ತಿರದ ತಗಡಿನ ಡಬ್ಬಿಯಲ್ಲಿ ಕಡುಕೆಂಪು ಕ್ಯಾಪ್ಸೂಲುಗಳಿದ್ದವು. ಅವರು ಕೆಮ್ಮು ನಿಂತಾಗ ಕಥೆ ಹೇಳುತ್ತಿದ್ದರು, ಹಾಗಾಗಿ ನಾನು ಬೇಗ ಏಳುತ್ತಿರಲಿಲ್ಲ. ಉಸಿರಿನಲ್ಲಿ ಒಳಹೊಕ್ಕ ಕ್ಷಯದ ರೋಗಾಣು ದಶಕಗಟ್ಟಲೆ ಸದ್ದಿಲ್ಲದೆ ಮಲಗಿರಬಲ್ಲದು ಎಂದು ನಾನೇ ಏಳನೆಯ ತರಗತಿಗೆ ಪಾಠ ಮಾಡಿದ್ದೇನೆ.

ಮರುದಿನ ಬೆಳಗ್ಗೆ ನಮ್ಮವರು ಚಹಾ ತರಲು ಹೋದ ಹೊತ್ತಿಗೆ ಸರ್ಜನ್ನರಿಗೆ ಹೇಳಿಬಿಟ್ಟೆ. ಅವರು ಗದರಲಿಲ್ಲ. "ನೀವು ಹೇಳದಿದ್ದರೂ ನಾವು ಆ ಪರೀಕ್ಷೆ ಮಾಡಿಸುತ್ತಿದ್ದೆವೋ ಏನೋ. ಈಗ ಮರೆಯುವುದಿಲ್ಲ" ಎಂದು ಕೇಸ್ ಹಾಳೆಯ ಮೇಲ್ತುದಿಯಲ್ಲಿ ಏನನ್ನೋ ಬರೆದು ಎರಡು ಗೆರೆ ಎಳೆದರು. ಏನೆಂದು ಆಮೇಲೆ ತಿಳಿಯಿತು: ಎರಡು ಬಾಟಲಿ. ಆಪರೇಷನ್ನಿನಲ್ಲಿ ತೆಗೆದ ತುಣುಕನ್ನು ವಾಡಿಕೆಯಂತೆ ಫಾರ್ಮಲಿನ್ನಿನಲ್ಲಿ ಹಾಕಿ ಕಳುಹಿಸುತ್ತಾರೆ. ಸೂಕ್ಷ್ಮದರ್ಶಕಕ್ಕೆ ಅದು ಸರಿ. ಆದರೆ ಫಾರ್ಮಲಿನ್ನಿನಲ್ಲಿ ಬಿದ್ದ ರೋಗಾಣು ಸತ್ತೇ ಹೋಗುತ್ತದೆ, ಆಮೇಲೆ ಬೆಳೆಸಿ ನೋಡಲಾಗದು. ಅದಕ್ಕಾಗಿ ಇನ್ನೊಂದು ತುಣುಕು ಬರಿಯ ಸಲೈನಿನಲ್ಲಿ ಹೋಗಬೇಕು. ಆಪರೇಷನ್ ಕೋಣೆಯಲ್ಲಿ ಯಾರಾದರೂ ಒಬ್ಬರಿಗೆ ಆ ಕ್ಷಣದಲ್ಲಿ ನೆನಪಿರಬೇಕು, ಅಷ್ಟೆ. ನೆನಪಾಗದಿದ್ದರೆ ತಲೆಯೊಳಗಿನಿಂದ ತುಣುಕನ್ನು ಮತ್ತೆ ತರುವುದುಂಟೇ?

ಆಪರೇಷನ್ನಿನ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚಿಲ್ಲ. ನಾನಿದ್ದೆ, ಆದರೆ ಇರಲಿಲ್ಲ. ಎಚ್ಚರವಾದಾಗ ಮೂಗಿನ ತುಂಬ ಹತ್ತಿ. ಎರಡು ದಿನ ಬಾಯಿಯಲ್ಲೇ ಉಸಿರು. ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು, ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಕೂಡಲೇ ಹೇಳಬೇಕು ಎಂದರು, ಅದು ಮೆದುಳಿನ ಸುತ್ತಲಿನ ದ್ರವವಿರಬಹುದು. ಒಂದೂವರೆ ತಿಂಗಳು ಒಗ್ಗರಣೆಯ ವಾಸನೆ ತಿಳಿಯಲಿಲ್ಲ. ಸರ್ಜನ್ ಹೇಳಿದ್ದು ಇಷ್ಟು: ಸಾಧಾರಣ ಗಡ್ಡೆ ಮೆತ್ತಗಿರುತ್ತದೆ, ನಳಿಗೆಯಲ್ಲಿ ಎಳೆದರೆ ಬರುತ್ತದೆ, ಇದು ಬಿಳಿಚಿಕೊಂಡು ಗಟ್ಟಿಯಾಗಿತ್ತು, ಒಳಗೆ ಒಡೆದ ಮೊಸರಿನಂಥದ್ದು ಸ್ವಲ್ಪ.

ಫಾರ್ಮಲಿನ್ ಬಾಟಲಿ ಗ್ರಾನುಲೋಮ ಎಂದಿತು, ಅಂದರೆ ಉರಿಯೂತದ ಜೀವಕೋಶಗಳು ಕಟ್ಟಿದ ಸಣ್ಣ ಗಂಟು. ರೋಗಾಣುವನ್ನು ನೇರ ತೋರಿಸುವ ಬಣ್ಣದ ಪರೀಕ್ಷೆಯಲ್ಲಿ ಒಂದೂ ಕಾಣಲಿಲ್ಲ. ಸಲೈನ್ ಬಾಟಲಿಯ ತುಣುಕನ್ನು ಕ್ಷಯದ ರೋಗಾಣುವಿನ ವಂಶವಾಹಿ ಹುಡುಕುವ ಸಿಬಿನಾಟ್ ಯಂತ್ರಕ್ಕೆ ಹಾಕಿದ ದಿನವೇ ಉತ್ತರ ಬಂತು: ಕ್ಷಯ ಇದೆ, ಅದರ ಮುಖ್ಯ ಔಷಧವಾದ ರಿಫಾಂಪಿಸಿನ್ನಿಗೆ ಬಗ್ಗುವ ಕ್ಷಯ. ನಾನು ಅತ್ತುಬಿಟ್ಟೆ. ಕ್ಯಾನ್ಸರ್ ಅಲ್ಲ ಎಂಬ ಸಂತೋಷವೋ, ಜಗಲಿಯ ಕೋಣೆಯ ಗುಟ್ಟು ಮಂಗಳೂರಿನಲ್ಲಿ ರಟ್ಟಾಯಿತೆಂಬ ನಾಚಿಕೆಯೋ ಗೊತ್ತಿಲ್ಲ. ನಮ್ಮವರಿಗೆ ಎಲ್ಲವನ್ನೂ ಹೇಳಿದೆ. ಅವರು ಸುಮ್ಮನೆ ಕೇಳಿ, "ದೊಡ್ಡಪ್ಪ ಯಾವ ಕಥೆ ಹೇಳುತ್ತಿದ್ದರು?" ಎಂದರು.

ಕ್ಷಯ ರೋಗಿಗಳ ನಿಕ್ಷಯ್ ಎಂಬ ಸರಕಾರಿ ಲೆಕ್ಕದಲ್ಲಿ ಮಂಗಳೂರಿನಲ್ಲಿ ನಂಬರು ಕೊಟ್ಟು ಕಾಸರಗೋಡಿಗೆ ವರ್ಗ ಮಾಡಿದರು. ನಮ್ಮೂರಿನ ಆರೋಗ್ಯ ಕಾರ್ಯಕರ್ತೆ ಮಲಯಾಳದ ಅರ್ಜಿಯನ್ನು ತುಳುವಿನಲ್ಲಿ ಓದಿ ಹೇಳಿದರು, ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ, ಅವರು ಮಲಯಾಳದಲ್ಲಿ ಬರೆದುಕೊಂಡರು. ನಮ್ಮ ಜಿಲ್ಲೆಯಲ್ಲಿ ಬದುಕು ಸಾಗುವುದೇ ಹಾಗೆ. ಮಾತ್ರೆ ಪುಕ್ಕಟೆ, ಆಗ ತಿಂಗಳಿಗೆ 500 ರೂಪಾಯಿ ಪೋಷಣೆಯ ಹಣ ಬ್ಯಾಂಕಿಗೆ ಬರುತ್ತಿತ್ತು. ಮನೆಯವರೆಲ್ಲರ ಎಕ್ಸ್‌ರೇ ಆಯಿತು. ಶ್ವಾಸಕೋಶದಲ್ಲಿಲ್ಲದ ಕ್ಷಯ ಹರಡುವುದಿಲ್ಲ ಎಂದು ಆಕೆ ಆಚೆಮನೆಗೂ ಹೋಗಿ ಹೇಳಿ ಬಂದದ್ದನ್ನು ನಾನು ಮರೆಯಲಾರೆ. ತೂಕದ ಲೆಕ್ಕದಲ್ಲಿ ದಿನಕ್ಕೆ ಮೂರು ಮಾತ್ರೆ, ಒಂದೊಂದರಲ್ಲಿ ನಾಲ್ಕು ಔಷಧ. ಎರಡು ತಿಂಗಳ ಮೇಲೆ ನಾಲ್ಕು ಮೂರಾಗುತ್ತದೆ. ಶ್ವಾಸಕೋಶಕ್ಕಾದರೆ ಆರು ತಿಂಗಳು. ತಲೆಯೊಳಗಿನದಕ್ಕೆ ಕನಿಷ್ಠ ಒಂದು ವರ್ಷ.

ಎಲ್ಲ ಗೊತ್ತಾಯಿತು, ಇನ್ನು ಮಾತ್ರೆ ನುಂಗುವುದಷ್ಟೇ ಕೆಲಸ ಎಂದು ನಾವು ನೆಮ್ಮದಿಯಲ್ಲಿದ್ದೆವು. ಹನ್ನೆರಡನೆಯ ದಿನ ಬೆಳಗ್ಗೆ ವಾಂತಿ. ಮಧ್ಯಾಹ್ನಕ್ಕೆ ನಿಲ್ಲಲಾಗಲಿಲ್ಲ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಟಿಬಿ ಮಾತ್ರೆಯೆಂದು ಕೇಳಿದ ತಕ್ಷಣ ಲಿವರಿಗೆ ಏಟು ಬಿದ್ದಿರಬೇಕು, ಮಾತ್ರೆ ನಿಲ್ಲಿಸಿ ಎಂದರು. ಆ ಮಾತ್ರೆಗಳಿಂದ ಹಾಗೂ ಆಗುವುದುಂಟು, ಅವರ ಊಹೆ ಪೂರ್ತಿ ತಪ್ಪಲ್ಲ. ಆದರೆ ಬಿಪಿ ಎಪ್ಪತ್ತಕ್ಕೆ ಇಳಿದಿತ್ತು. ನಮ್ಮವರು ಪರ್ಸಿನಿಂದ ಮಂಗಳೂರಿನ ವೈದ್ಯರ ಚೀಟಿ ತೆಗೆದು ಹಿಡಿದರು: ಈ ರೋಗಿ ಕುಸಿದರೆ ಕಾರಣ ಹುಡುಕುವ ಮೊದಲು 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚಿ. ಡ್ಯೂಟಿ ವೈದ್ಯರು ಫೋನಿನಲ್ಲಿ ಯಾರನ್ನೋ ಕೇಳಲು ಹೊರಟರು. ನಮ್ಮವರು, ಜೀವಮಾನದಲ್ಲಿ ಯಾರೊಡನೆಯೂ ದನಿಯೆತ್ತದ ಮನುಷ್ಯ, ಬಾಗಿಲಿಗೆ ಅಡ್ಡ ನಿಂತರಂತೆ. ಚುಚ್ಚಿದರು. ಒಂದು ಗಂಟೆಯಲ್ಲಿ ನಾನು ಮಗಳು ಊಟ ಮಾಡಿದಳೋ ಎಂದು ಕೇಳುತ್ತಿದ್ದೆ.

ಆದದ್ದು ಇದು: ರಿಫಾಂಪಿಸಿನ್ ಲಿವರಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಒಂದೆರಡು ವಾರಗಳಲ್ಲಿ ಅದು ಎಷ್ಟು ಚುರುಕಾಗುತ್ತದೆಂದರೆ ನಾನು ನುಂಗಿದ ಹೈಡ್ರೋಕಾರ್ಟಿಸೋನನ್ನು ಮೈಗೆ ತಾಗುವ ಮೊದಲೇ ಕರಗಿಸಿಬಿಡುತ್ತದೆ. ಬೇರೆಯವರ ಮೈ ಅಗತ್ಯಕ್ಕೆ ತಕ್ಕಂತೆ ಹೆಚ್ಚು ಕಾರ್ಟಿಸಾಲ್ ತಯಾರಿಸಿಕೊಳ್ಳುತ್ತದೆ. ನನ್ನದಕ್ಕೆ ಆ ಕಚೇರಿಯೇ ಇಲ್ಲ. ರೋಗಕ್ಕೆ ಕೊಟ್ಟ ಮದ್ದು ಜೀವ ಹಿಡಿದ ಮದ್ದನ್ನು ತಿನ್ನುತ್ತಿತ್ತು. ಟಿಬಿ ಮಾತ್ರೆ ನಿಲ್ಲಿಸಲಿಲ್ಲ. ಹೈಡ್ರೋಕಾರ್ಟಿಸೋನನ್ನು ಎರಡು ಪಟ್ಟು ಮಾಡಿದರು, ಥೈರಾಕ್ಸಿನನ್ನೂ ಏರಿಸಿದರು. ಜ್ವರ ಬಂದರೆ ಅದರ ಮೇಲೆ ಮತ್ತೆ ಎರಡು ಪಟ್ಟು. ವಾಂತಿಯಾದರೆ ಚುಚ್ಚುಮದ್ದು, ನಮ್ಮವರು ಮುಸುಂಬಿಗೆ ಚುಚ್ಚಿ ಚುಚ್ಚಿ ಕಲಿತರು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದು ನಾನು ವೈದ್ಯರ ಎದುರೇ ಹೇಳಿದೆ. ಅವರು ಹೌದು ಎಂದರು. ಸಮಜಾಯಿಷಿ ಕೊಡಲಿಲ್ಲ. ಅದಕ್ಕೇ ಅವರ ಮೇಲೆ ನಂಬಿಕೆ ಉಳಿಯಿತು.

ಉಳಿದ ತಿಂಗಳುಗಳು ಲೆಕ್ಕದಲ್ಲೇ ಹೋದವು. ರಿಫಾಂಪಿಸಿನ್ನಿನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಎಲ್ಲರೂ ಹೆದರುವ ಈ ಸಂಗತಿ ನನಗೆ ಅಳತೆಗೋಲಾಯಿತು. ಬಣ್ಣ ಗಾಢವಾಗಿದ್ದರೆ ಡೆಸ್ಮೋಪ್ರೆಸಿನ್ ಕೆಲಸ ಮಾಡುತ್ತಿದೆ, ತೆಳುವಾಯಿತೆಂದರೆ ಮುಂದಿನ ಮಾತ್ರೆಯ ಹೊತ್ತಾಯಿತು. ದಾಹವಾದರಷ್ಟೇ ಕುಡಿ ಎಂಬ ಮಾತನ್ನು ಮಾತ್ರ ಅತ್ತೆ ಒಪ್ಪಲಿಲ್ಲ. ಮೊದಲು ನೀರು ನೀರು ಎಂದು ಬಡಿದುಕೊಂಡವಳು ಈಗ ಬೇಡ ಎಂದರೆ ಹೇಗೆ ಎಂದು ಎಳನೀರು, ಮಜ್ಜಿಗೆ ತಂದು ತಂದು ಕೊಟ್ಟು ಒಮ್ಮೆ ಸೋಡಿಯಂ 128ಕ್ಕೆ ಇಳಿಯಿತು. ಮಾತ್ರೆ ನೀರನ್ನು ಹಿಡಿದಿಡುವಾಗ ಮೇಲಿನಿಂದ ಸುರಿಯಬಾರದು ಎಂಬುದನ್ನು ತೊಟ್ಟಿಗೆ ಬೆಣೆ ಹಾಕಿ ತೋರಿಸಿದ ಮೇಲೆ ನಂಬಿದರು. ಟಿಬಿ ಮಾತ್ರೆಯ ಔಷಧಗಳಲ್ಲೊಂದಾದ ಎಥಾಂಬುಟಾಲ್ ಕಣ್ಣಿನ ನರವನ್ನು, ಅದರಲ್ಲೂ ಕೆಂಪು ಹಸಿರುಗಳ ವ್ಯತ್ಯಾಸವನ್ನು ಕೆಡಿಸಬಹುದು. ತಿಂಗಳಿಗೊಮ್ಮೆ ಮಂಗಳೂರಿನಲ್ಲಿ ಚುಕ್ಕೆಗಳ ನಡುವೆ ಅಂಕಿ ಓದಿಸುತ್ತಿದ್ದರು. ಮನೆಯಲ್ಲಿ ನಾನು ದಿನವೂ ಒಂದೊಂದು ಕಣ್ಣು ಮುಚ್ಚಿಕೊಂಡು ಅಂಗಳದ ರಾಶಿಯಲ್ಲಿ ಹಣ್ಣಡಿಕೆ ಯಾವುದು, ಹಸಿ ಯಾವುದು ಎಂದು ಹೆಕ್ಕುತ್ತಿದ್ದೆ. ತಪ್ಪಲಿಲ್ಲ.

ವರ್ಷದ ಕೊನೆಯ ಎಂಆರ್‌ಐಯಲ್ಲಿ ತೊಟ್ಟು ಇನ್ನೂ ಸ್ವಲ್ಪ ದಪ್ಪವಿತ್ತು, ಹಾಗಾಗಿ ಹದಿನೆಂಟು ತಿಂಗಳಿಗೆ ಮುಂದುವರಿಸಿ 2024ರ ಮಳೆಗಾಲದಲ್ಲಿ ನಿಲ್ಲಿಸಿದರು. ರಿಫಾಂಪಿಸಿನ್ ನಿಂತ ಮೇಲೆ ಹೈಡ್ರೋಕಾರ್ಟಿಸೋನನ್ನು ಮೆಲ್ಲಗೆ ಹಳೆಯ ಅಳತೆಗೆ ಇಳಿಸಿದರು. ನೋಟ ಬಹುಮಟ್ಟಿಗೆ ಮರಳಿದೆ. ಎಡ ಮೇಲ್ತುದಿಯಲ್ಲಿ ಚೂರು ಮಬ್ಬು. ಗ್ರಂಥಿ ಮರಳಲಿಲ್ಲ. ಬೆಳಗ್ಗೆ ಹೈಡ್ರೋಕಾರ್ಟಿಸೋನ್, ಥೈರಾಕ್ಸಿನ್, ಡೆಸ್ಮೋಪ್ರೆಸಿನ್. ಮಧ್ಯಾಹ್ನ, ರಾತ್ರಿ ಮತ್ತೆ. ಅರ್ಧ ಗ್ರಾಮಿನ ಕೆಲಸಕ್ಕೆ ಈಗ ಒಂದು ಡಬ್ಬಿ. ಅದೂ ತಗಡಿನದೇ, ಬೇಕೆಂದೇ ಕೊಂಡದ್ದು. ಜಗಲಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಇಡುತ್ತೇನೆ.

ಮೂಗುಬೊಟ್ಟು ಇನ್ನೂ ಅತ್ತೆಯ ಪೆಟ್ಟಿಗೆಯಲ್ಲಿದೆ. ತೂತು ಮುಚ್ಚಿಕೊಂಡಿದೆ. ಮತ್ತೆ ಚುಚ್ಚಿಸೋಣವೇ ಎಂದು ಅವರು ಹಬ್ಬಕ್ಕೊಮ್ಮೆ ಕೇಳುತ್ತಾರೆ. ಈ ಮೂಗಿನೊಳಗೆ ಏನೇನೋ ಹೋಗಿ ಬಂದಿದೆ, ಸ್ವಲ್ಪ ದಿನ ಸುಮ್ಮನಿರಲಿ ಎಂದಿದ್ದೇನೆ.